ಬೆನ್ನ ಮೇಲಿನ ಕೊಂಬು

ನಡುಮನೆಯ ಗೋಡೆಯಲ್ಲಿ ಗಾಜಿನ ಶೋಕೇಸ್ ಇಲ್ಲದಿದ್ದರೆ ಗೃಹಪ್ರವೇಶವೇ ಪೂರ್ತಿಯಾಗಲಿಲ್ಲ ಎಂದು ನಂಬಿದ್ದ ಪೀಳಿಗೆಗೆ ಸೇರಿದವನು ನಾನು. ಆ ಶೋಕೇಸಿಗೆ ಯಾರೂ ಬರೆದಿಡದ ಕೆಲವು ಕಾನೂನುಗಳಿದ್ದವು. ಮೇಲಿನ ಅರೆಯಲ್ಲಿ ಮಕ್ಕಳು ಗೆದ್ದ ಕಪ್ಪುಗಳು, ನಡುವಿನದರಲ್ಲಿ ಯಾರಿಗೂ ಕಾಫಿ ಕೊಡದ ಕಾಫಿ ಸೆಟ್ಟು, ಕೆಳಗಿನದರಲ್ಲಿ ಪಿಂಗಾಣಿ ಪ್ರಾಣಿಗಳು. ಪ್ರಾಣಿಗಳಲ್ಲೂ ಎಲ್ಲಕ್ಕೂ ಪ್ರವೇಶವಿರಲಿಲ್ಲ. ಕತ್ತು ಬಳಸಿ ನಿಂತ ಜೋಡಿ ಹಂಸ, ಸೊಂಡಿಲೆತ್ತಿದ ಆನೆ, ಕೆಂಪು ನಾಲಿಗೆಯ ನಾಯಿಮರಿ, ಇವಕ್ಕೆ ಖಾಯಂ ಸೀಟು. ಎಮ್ಮೆಯನ್ನು ಮಾತ್ರ ನಾನು ಯಾವ ಶೋಕೇಸಿನಲ್ಲೂ ಕಂಡಿಲ್ಲ. ದಿನಾ ಬೆಳಿಗ್ಗೆ ಹಾಲು ಕೊಡುವ ಪ್ರಾಣಿಗೆ ಗಾಜಿನ ಹಿಂದೆ ಜಾಗವಿಲ್ಲ. ಮನೆಯವರಲ್ಲಿ ಒಬ್ಬರೂ ಕಣ್ಣಾರೆ ಕಾಣದ ಹಂಸಕ್ಕೆ ಮುಂದಿನ ಸಾಲು.

ಈ ಪ್ರಾಣಿಗಳ ಸುತ್ತ ಮನೆಯಲ್ಲಿ ಕೆಲಸ ಹಂಚಿಕೆಯಾಗಿರುತ್ತಿತ್ತು. ಇಳಿಸಿ ಧೂಳೊರೆಸಿ ಮತ್ತೆ ಇಡುವುದು ಹೆಂಗಸರ ಪಾಲಿಗೆ, ಒಡೆಯುವುದು ಮಕ್ಕಳ ಪಾಲಿಗೆ, ಬಂದವರಿಗೆ ತೋರಿಸುವುದು ಗಂಡಸರ ಪಾಲಿಗೆ.

ಈ ಮೂರನೆಯ ಕೆಲಸವನ್ನೇ ರಾಜಧರ್ಮವೆಂದು ಬಗೆದ ದೊರೆಯೊಬ್ಬ ಜರ್ಮನಿಯ ಸ್ಯಾಕ್ಸನಿಯಲ್ಲಿದ್ದ. ಹೆಸರು ಅಗಸ್ಟಸ್, ರಾಜಧಾನಿ ಡ್ರೆಸ್ಡೆನ್, ಜೊತೆಗೆ ಪೋಲೆಂಡಿನ ಕಿರೀಟ ಬೇರೆ. ಕುದುರೆಯ ಲಾಳವನ್ನು ಬರಿಗೈಯಲ್ಲಿ ಮುರಿಯುತ್ತಿದ್ದನೆಂದು 'ಬಲಶಾಲಿ ಅಗಸ್ಟಸ್' ಎಂದೇ ಹೆಸರಾಗಿದ್ದ. ಕಬ್ಬಿಣ ಮುರಿಯುವ ಈ ಭೀಮ ಸೋತದ್ದು ಬೆರಳು ತಾಗಿದರೆ ಒಡೆಯುವ ಪಿಂಗಾಣಿಗೆ. ತನಗೆ ಪಿಂಗಾಣಿಯ ರೋಗ ಹತ್ತಿದೆ ಎಂದು ಅವನೇ ಹೇಳಿಕೊಂಡಿದ್ದ. ರೋಗ ಎಷ್ಟು ಬಲಿತಿತ್ತೆಂದರೆ, 1717ರಲ್ಲಿ ಪ್ರಷ್ಯಾದ ದೊರೆಗೆ ತನ್ನ ಸೈನ್ಯದ 600 ಮಂದಿ ಸವಾರರನ್ನು ಒಪ್ಪಿಸಿ, ಬದಲಿಗೆ 151 ಚೀನೀ ಪಿಂಗಾಣಿ ಪಾತ್ರೆಗಳನ್ನು ತರಿಸಿಕೊಂಡ. ಅಂದರೆ ಹೂಜಿಯೊಂದಕ್ಕೆ ಸರಿಸುಮಾರು ನಾಲ್ಕು ಸಿಪಾಯಿ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳ ಜೊತೆ ಅರ್ಧ ಗಂಟೆ ಚೌಕಾಸಿ ಮಾಡುವ ನಮ್ಮ ಮನೆಯಾಕೆ ಇದನ್ನು ಕೇಳಿ, "ಮುಚ್ಚಳ ಸಮೇತ ಕೊಟ್ಟನಂತೋ?" ಎಂದಳು. ಸಿಪಾಯಿಗಳ ಬಗ್ಗೆ ಅವಳು ಕೇಳಲಿಲ್ಲ.

ಅಗಸ್ಟಸನನ್ನು ನೋಡಿ ನಗುವ ಮೊದಲು ಒಂದು ಮಾತು ಹೇಳಬೇಕು. ಆ ಕಾಲದ ಯುರೋಪಿಗೆ ಪಿಂಗಾಣಿ ಮಾಡುವುದೇ ಗೊತ್ತಿರಲಿಲ್ಲ. ಚೀನಾದಿಂದ ಹಡಗಿನಲ್ಲಿ ಬರುತ್ತಿದ್ದ, ಬೆಳಕು ಆಚೆಗೆ ಕಾಣುವಷ್ಟು ತೆಳ್ಳನೆಯ, ಬೆರಳಲ್ಲಿ ಮೀಟಿದರೆ ಗಂಟೆಯಂತೆ ನುಡಿಯುವ ಈ ವಸ್ತುವನ್ನು ಎದುರಿಗಿಟ್ಟುಕೊಂಡು ಅಲ್ಲಿಯ ಪಂಡಿತರು ಬಾಯಿಗೆ ಬಂದದ್ದು ಹೇಳುತ್ತಿದ್ದರು. ಮೊಟ್ಟೆಯ ಚಿಪ್ಪು, ಕಡಲ ಚಿಪ್ಪುಗಳನ್ನು ಅರೆದು, ಕಲಸಿ, ನೂರು ವರ್ಷ ನೆಲದಲ್ಲಿ ಹೂತಿಡುತ್ತಾರೆ, ಮೊಮ್ಮಗನ ಕಾಲಕ್ಕೆ ತೆಗೆಯುತ್ತಾರೆ ಎಂಬ ಮಾತು ಬಹಳ ಕಾಲ ಓಡಾಡಿತು. ಗುಟ್ಟು ಕೊನೆಗೆ ರಟ್ಟಾದದ್ದು ಚಿನ್ನದ ಆಸೆಯಿಂದ. ಬಾಟ್ಗರ್ ಎಂಬ ಹುಡುಗ ತಾನು ಚಿನ್ನ ಮಾಡಬಲ್ಲೆ ಎಂದು ಬರ್ಲಿನ್‌ನಲ್ಲಿ ಜಂಬ ಕೊಚ್ಚಿದ. ಅದು ಅಲ್ಲಿಯ ದೊರೆಯ ಕಿವಿಗೆ ಬಿದ್ದಾಗ ಓಡಿಹೋದ. ಓಡಿ ಓಡಿ ಅಗಸ್ಟಸನ ಕೈಗೆ ಸಿಕ್ಕ. ಕೂಡಿಹಾಕಿ ಚಿನ್ನ ಮಾಡು ಎಂದರೆ ಎಲ್ಲಿಂದ ಬರಬೇಕು? ಚಿರ್ನ್‌ಹೌಸ್ ಎಂಬ ಹಿರಿಯ ವಿಜ್ಞಾನಿ ಅವನನ್ನು ಮಣ್ಣಿನ ಕಡೆಗೆ ತಿರುಗಿಸಿದ. 1708ರ ಹೊತ್ತಿಗೆ ಬಿಳಿ ಜೇಡಿಯನ್ನು ವಿಪರೀತ ಕಾವಿನಲ್ಲಿ ಸುಟ್ಟು ಅಪ್ಪಟ ಪಿಂಗಾಣಿ ತೆಗೆಯುವ ಹದ ಸಿಕ್ಕಿತು. 1710ರಲ್ಲಿ ಡ್ರೆಸ್ಡೆನ್ ಸಮೀಪದ ಮೈಸೆನ್ ಊರಿನ ಕೋಟೆಯೊಳಗೆ ಕಾರ್ಖಾನೆ ಶುರುವಾಯಿತು. ಕೋಟೆಯೇ ಏಕೆ ಬೇಕಾಯಿತೆಂದರೆ, ಗುಟ್ಟು ಹೊರಗೆ ಹೋಗದಂತೆ ಕಾಯಲು ಗೋಡೆ ಎತ್ತರವಿರಬೇಕಲ್ಲ. ಬಾಟ್ಗರ್ ಮೂವತ್ತೇಳನೇ ವಯಸ್ಸಿಗೇ, 1719ರಲ್ಲಿ, ತೀರಿಕೊಂಡ. ಚಿನ್ನ ಕೊನೆಗೂ ಬರಲಿಲ್ಲ.

ಕೈಗೆ ಕಾರ್ಖಾನೆ ಬಂದ ಮೇಲೆ ಅಗಸ್ಟಸನ ಆಸೆ ತಟ್ಟೆ ಬಟ್ಟಲುಗಳನ್ನು ದಾಟಿತು. ಎಲ್ಬೆ ನದಿಯ ದಡದಲ್ಲಿ 'ಜಪಾನೀ ಅರಮನೆ' ಎಂಬ ಇಡೀ ಅರಮನೆಯನ್ನೇ ಅವನು ಶೋಕೇಸಾಗಿ ಮಾಡಹೊರಟ. ಅದರ ಮಾಳಿಗೆಯಲ್ಲೊಂದು ಉದ್ದನೆಯ ಹಜಾರ. ಹಜಾರದ ತುಂಬ ಪಿಂಗಾಣಿ ಪ್ರಾಣಿಗಳು. ಅದೂ ಅಂಗೈ ಮೇಲೆ ಕೂರುವಂಥವಲ್ಲ. ಸಿಂಹ, ಕರಡಿ, ನವಿಲು, ಮೇಕೆ, ಕೋತಿ, ರಣಹದ್ದು, ಎಲ್ಲವೂ ಆದಷ್ಟು ನಿಜ ಗಾತ್ರದಲ್ಲಿ. 1730ರ ಸುಮಾರಿಗೆ ನೂರಾರು ಪ್ರಾಣಿಪಕ್ಷಿಗಳಿಗೆ ಆರ್ಡರ್ ಹೋಯಿತು.

ಆರ್ಡರ್ ಕೊಡುವವನಿಗೇನು, ಮಾಡುವವನ ಪಾಡು ಬೇರೆ. ಪಿಂಗಾಣಿಯ ಮಣ್ಣು ಬಟ್ಟಲಿಗೆ ಒಗ್ಗಿದಂತೆ ಸಿಂಹಕ್ಕೆ ಒಗ್ಗುವುದಿಲ್ಲ. ಒಣಗುವಾಗಲೂ ಸುಡುವಾಗಲೂ ಅದು ಕುಗ್ಗುತ್ತದೆ, ಮಾಡಿದ ಅಳತೆಯಲ್ಲಿ ಸುಮಾರು ಆರನೆಯ ಒಂದು ಪಾಲು ಹೋಗಿಬಿಡುತ್ತದೆ. ದಪ್ಪ ಭಾಗ ಒಂದು ವೇಗದಲ್ಲಿ ಕುಗ್ಗುತ್ತದೆ, ತೆಳು ಭಾಗ ಇನ್ನೊಂದು ವೇಗದಲ್ಲಿ. ಮೈ ಭಾರ, ಕಾಲು ಸಣ್ಣ. ಗೂಡು ಕಾದಂತೆ ಮಣ್ಣು ಮೆದುವಾಗಿ ಹೊಟ್ಟೆ ಜೋತು ಬೀಳುತ್ತದೆ, ಸಂದುಗಳು ಸೀಳು ಬಿಡುತ್ತವೆ. ಆ ಪ್ರಾಣಿಗಳನ್ನು ಇವತ್ತು ನೋಡಿದರೂ ಬೆನ್ನಲ್ಲಿ, ಪಕ್ಕೆಯಲ್ಲಿ, ಪೀಠದಲ್ಲಿ ಬೆರಳು ಹೋಗುವಷ್ಟು ಬಿರುಕುಗಳು ಕಾಣುತ್ತವೆ. ಬಣ್ಣ ಹಾಕಿ ಮತ್ತೊಮ್ಮೆ ಗೂಡಿಗಿಟ್ಟರೆ ಇರುವುದೂ ಹೋದೀತೆಂದು ಎಷ್ಟೋ ಪ್ರಾಣಿಗಳಿಗೆ ಸುಡದೆಯೇ ಮೇಲೆ ಬಣ್ಣ ಬಳಿದರು. ಸುಡದ ಬಣ್ಣ ನಿಲ್ಲುವುದುಂಟೆ? ಕಾಲಕ್ರಮದಲ್ಲಿ ಉದುರಿತು. ಈಗ ಸಿಂಹವೂ ಬಿಳಿ, ಕರಡಿಯೂ ಬಿಳಿ.

ಈ ಕಷ್ಟದ ಕೆಲಸಕ್ಕೆ ಇಬ್ಬರು ಶಿಲ್ಪಿಗಳಿದ್ದರು. ಮೊದಲು ಬಂದವನು ಕಿರ್ಷ್ನರ್. 1731ರಲ್ಲಿ ಬಂದು ಸೇರಿಕೊಂಡವನು ಕೆಂಡ್ಲರ್. ಒಂದೇ ಕಾರ್ಖಾನೆಯಲ್ಲಿ ಇಬ್ಬರು ಬುದ್ಧಿವಂತರು ಎಂದರೆ ಮುಂದಿನದನ್ನು ಹೇಳಬೇಕಿಲ್ಲ. 1733ರಲ್ಲಿ ಕಿರ್ಷ್ನರ್ ಕೆಲಸ ಬಿಟ್ಟ, ಕೆಂಡ್ಲರ್ ಸಾಯುವವರೆಗೂ, 1775ರ ತನಕ, ಅಲ್ಲಿಯೇ ಇದ್ದ. ಕೆಂಡ್ಲರ್ ಕಣ್ಣನ್ನು ನಂಬುವವನು. ದೊರೆಯ ಪ್ರಾಣಿಶಾಲೆಗೆ ಹೋಗಿ ನೋಡಿ, ಚಿತ್ರ ಬರೆದುಕೊಂಡು ಬಂದು ಮಾಡುತ್ತಿದ್ದ. ಅವನ ತಾಯಿಮೇಕೆ ಮೊಲೆಯುಣ್ಣುವ ಮರಿಯ ಕಡೆ ಕತ್ತು ತಿರುಗಿಸಿರುವ ಬಗೆಯನ್ನು ನೋಡಿದರೆ, ನಿಂತು ಎಷ್ಟು ಹೊತ್ತು ಗಮನಿಸಿರಬೇಕು ಎನಿಸುತ್ತದೆ. ಮೇಕೆಯ ಮೇಲೆ ಅವನಿಗೆ ಪ್ರೀತಿಯೋ ಏನೋ, ಮುಂದೆ ಮಂತ್ರಿ ಬ್ರೂಲ್‌ನ ದರ್ಜಿಯನ್ನು ಹೋತದ ಮೇಲೆ ಕೂರಿಸಿ ಒಂದು ಬೊಂಬೆ ಮಾಡಿದ. ಅದರ ಹಿಂದೊಂದು ಕಥೆಯನ್ನೂ ಹೇಳುತ್ತಾರೆ. ದೊರೆಯ ಔತಣದ ಮೇಜಿಗೆ ತನ್ನನ್ನೂ ಕರೆಯಿರಿ ಎಂದು ದರ್ಜಿ ದುಂಬಾಲು ಬಿದ್ದನಂತೆ. ಆಗಲಿ ಎಂದು ಅವನನ್ನು ಪಿಂಗಾಣಿಯಾಗಿಸಿ, ಕತ್ತರಿ ಸಮೇತ, ಹೋತದ ಮೇಲೆ ಹತ್ತಿಸಿ, ಮೇಜಿನ ನಡುವೆ ಇಟ್ಟರಂತೆ. ಕೇಳಿದ್ದನ್ನು ಕೊಡುವುದರಲ್ಲೂ ಎಷ್ಟು ಬಗೆಯಿದೆ ನೋಡಿ.

ಕಿರ್ಷ್ನರನ ಪಾಲಿಗೆ ಬಂದದ್ದು ಮೇಕೆಯಲ್ಲ, ಖಡ್ಗಮೃಗ. ನಾನು ಹೇಳಹೊರಟದ್ದೂ ಅದರ ಕಥೆಯನ್ನೇ, ದಾರಿಯಲ್ಲಿ ದರ್ಜಿ ಸಿಕ್ಕಿದ್ದರಿಂದ ತಡವಾಯಿತು.

ಡ್ರೆಸ್ಡೆನ್‌ನಲ್ಲಿ ಈಗ ಚಿಪ್ ಕಾರ್ಖಾನೆಗಳಿವೆ, ಅವುಗಳಲ್ಲೊಂದರಲ್ಲಿ ನನ್ನ ಅಕ್ಕನ ಮಗನಿದ್ದಾನೆ. ರಜೆಯ ದಿನ ತ್ಸ್ವಿಂಗರ್ ಅರಮನೆಯ ಪಿಂಗಾಣಿ ಸಂಗ್ರಹಾಲಯಕ್ಕೆ ಹೋಗಿದ್ದವನು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ. "ಮಾಮ, ಇದು ಯಾವ ಪ್ರಾಣಿ, ಹೇಳಿ ನೋಡೋಣ?" ಕನ್ನಡಕ ಹಾಕಿಕೊಂಡು, ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಒಂದು ಮೀಟರಿನಷ್ಟು ಉದ್ದದ ಬೆಳ್ಳನೆಯ ಪ್ರಾಣಿ. ಮೂಗಿನ ತುದಿಯಲ್ಲಿ ಕೊಂಬಿದೆ, ಸರಿ. ಆದರೆ ಮೈಮೇಲೆ ಚರ್ಮದ ಮಡಿಕೆಯ ಬದಲು ಯುದ್ಧಕ್ಕೆ ಹೊರಟ ಸರದಾರನ ಕವಚದಂತೆ ಪಟ್ಟಿಪಟ್ಟಿ ಹಲಗೆಗಳು. ಕಾಲುಗಳಿಗೆ ಮೀನಿನ ಹುರುಪೆಯಂಥ ಹುರುಪೆ. ಎಲ್ಲಕ್ಕಿಂತ ಹೆಚ್ಚಾಗಿ, ಎರಡು ಹೆಗಲ ನಡುವೆ, ಬೆನ್ನು ಶುರುವಾಗುವಲ್ಲಿ, ಇನ್ನೊಂದು ಪುಟ್ಟ ಕೊಂಬು. ಅಂಗಿಯ ಗೂಟದ ಹಾಗೆ ನೆಟ್ಟಗೆ ನಿಂತಿದೆ. "ಖಡ್ಗಮೃಗ ಇರಬೇಕು, ಆದರೆ ಯಾವುದೋ ಪುರಾಣದ್ದು" ಎಂದು ಬರೆದೆ. "ಪುರಾಣದ್ದಲ್ಲ ಮಾಮ, ಗೋವಾದ್ದು" ಎಂದು ಉತ್ತರ ಬಂತು. ಮನೆಯಾಕೆಗೆ ತೋರಿಸಿದೆ. "ಇಷ್ಟು ಸಂದುಗೊಂದು ಮಾಡಿದ್ದಾರಲ್ಲ, ಧೂಳು ಒರೆಸೋರು ಯಾರು?" ಎಂದಳು.

ಹುಡುಗ ಹೇಳಿದ್ದು ನಿಜ. ವಿಜಾಪುರದ ಆದಿಲ್‌ಶಾಹಿ ಕೈಯಲ್ಲಿದ್ದ ಗೋವಾವನ್ನು 1510ರಲ್ಲಿ ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕ್ ಕಿತ್ತುಕೊಂಡ, ಅದಕ್ಕೆ ನಮ್ಮ ಹೊನ್ನಾವರದ ತಿಮ್ಮಯ್ಯ ಒತ್ತಾಸೆಯಾಗಿ ನಿಂತ, ಇದು ಶಾಲೆಯಲ್ಲಿ ಓದಿದ್ದೇ. ಗೋವಾದಲ್ಲಿ ಕಾಲೂರಿದ ಅಲ್ಬುಕರ್ಕ್, ದಿಯುವಿನಲ್ಲೂ ಒಂದು ಕೋಟೆ ಕಟ್ಟಿಕೊಳ್ಳುತ್ತೇವೆಂದು ಗುಜರಾತಿನ ಸುಲ್ತಾನ ಎರಡನೇ ಮುಜಫರ್ ಶಾಹನ ಬಳಿಗೆ 1514ರಲ್ಲಿ ದೂತರನ್ನು ಅಟ್ಟಿದ. ಸುಲ್ತಾನ ಲೋಕವ್ಯವಹಾರ ಬಲ್ಲವನು. ಜಾಗ ಕೊಡುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದರೆ ಚೆನ್ನಾಗಿರುವುದಿಲ್ಲ ಎಂದು ಒಂದು ಖಡ್ಗಮೃಗ ಕೊಟ್ಟು ಕಳಿಸಿದ. ಸ್ಥಳ ಕೇಳಲು ಹೋದ ದೂತರು ಎರಡು ಸಾವಿರ ಕಿಲೋ ತೂಗುವ ಉತ್ತರವನ್ನು ಹೊಡೆದುಕೊಂಡು ಬಂದರು. ಗೋವಾದಲ್ಲಿ ಅದನ್ನು ಕಟ್ಟಿಕೊಂಡು ಅಲ್ಬುಕರ್ಕ್ ಏನು ಮಾಡಿಯಾನು? ತನ್ನ ದೊರೆ ಮ್ಯಾನುಯೆಲ್‌ಗೆ ಕಾಣಿಕೆಯೆಂದು 1515ರ ಜನವರಿಯಲ್ಲಿ ಹಡಗು ಹತ್ತಿಸಿದ. ನೋಡಿಕೊಳ್ಳಲು ಜೊತೆಗೆ ಒಬ್ಬ ಮಾವುತನೂ ಹೋದ. ಮೇ 20ಕ್ಕೆ ಹಡಗು ಲಿಸ್ಬನ್ ಮುಟ್ಟಿತು. ರೋಮನ್ನರ ಕಾಲದ ನಂತರ ಯುರೋಪು ಕಂಡ ಮೊದಲ ಜೀವಂತ ಖಡ್ಗಮೃಗ ಅದು. ಆನೆಗೂ ಖಡ್ಗಮೃಗಕ್ಕೂ ಹುಟ್ಟಾ ಹಗೆತನ ಎಂದು ಹಳೆಯ ಪುಸ್ತಕಗಳಲ್ಲಿ ಬರೆದಿತ್ತಾಗಿ, ಪರೀಕ್ಷಿಸಲು ದೊರೆ ಎರಡನ್ನೂ ಎದುರುಬದುರು ನಿಲ್ಲಿಸಿದ. ಜನರ ಗದ್ದಲಕ್ಕೆ ಬೆದರಿಯೋ, ಎದುರಾಳಿಯನ್ನು ನೋಡಿಯೋ, ಆನೆ ಓಡಿಹೋಯಿತು. ಜಗಳವೇ ನಡೆಯದೆ ಖಡ್ಗಮೃಗ ಗೆದ್ದಿತು.

ಮ್ಯಾನುಯೆಲ್ ಕೂಡ ಅದನ್ನು ಹೆಚ್ಚು ದಿನ ಇಟ್ಟುಕೊಳ್ಳಲಿಲ್ಲ. ಕೊರಳಿಗೆ ಹಸಿರು ಮಖಮಲ್ಲಿನ ಪಟ್ಟಿ ಕಟ್ಟಿ ರೋಮಿನ ಪೋಪ್ ಹತ್ತನೇ ಲಿಯೋಗೆ ಕಳಿಸಿಕೊಟ್ಟ. ಮದುವೆಯಲ್ಲಿ ಮುಯ್ಯಿ ಬಂದ ಗೋಡೆ ಗಡಿಯಾರ ರಟ್ಟಿನ ಪೆಟ್ಟಿಗೆ ಬಿಚ್ಚದೆ ಮುಂದಿನ ಮದುವೆಗೆ, ಅಲ್ಲಿಂದ ಅದರ ಮುಂದಿನ ಮದುವೆಗೆ ಹೋಗುವಂತೆ ಸುಲ್ತಾನನಿಂದ ಗವರ್ನರನಿಗೆ, ಗವರ್ನರನಿಂದ ದೊರೆಗೆ, ದೊರೆಯಿಂದ ಪೋಪರಿಗೆ ಸಾಗಿದ ಈ ಉಡುಗೊರೆ ಕೊನೆಯ ಮನೆ ಮುಟ್ಟಲಿಲ್ಲ. 1516ರ ಮೊದಲಿಗೆ ಇಟಲಿಯ ಕರಾವಳಿಯಲ್ಲಿ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಖಡ್ಗಮೃಗಕ್ಕೆ ಈಜು ಬರುತ್ತದೆ. ಕಾಲಿಗೆ ಸರಪಳಿ ಬಿಗಿದಿದ್ದರು.

ಅಷ್ಟರಲ್ಲಿ ಲಿಸ್ಬನ್‌ನಲ್ಲಿ ಪ್ರಾಣಿಯನ್ನು ನೋಡಿದವರು ಬರೆದ ಪತ್ರ, ಜೊತೆಗೊಂದು ಒರಟು ರೇಖಾಚಿತ್ರ ಜರ್ಮನಿಯ ನ್ಯೂರೆಂಬರ್ಗ್‌ಗೆ ಬಂದಿತ್ತು. ಅಲ್ಲಿ ಆಲ್ಬ್ರೆಕ್ಟ್ ಡ್ಯೂರರ್ ಇದ್ದ, ಆ ಕಾಲದ ಮಹಾ ಚಿತ್ರಕಾರ. ಪ್ರಾಣಿಯನ್ನು ಆತ ನೋಡಲಿಲ್ಲ, ಮುಂದೆಯೂ ನೋಡಲಿಲ್ಲ. ಪತ್ರ ಓದಿ 1515ರಲ್ಲಿಯೇ ಮರದ ಅಚ್ಚಿನಲ್ಲಿ ಚಿತ್ರ ಕೊರೆಸಿ ಮಾರಾಟಕ್ಕೆ ಬಿಟ್ಟ. ಗಟ್ಟಿ ಚರ್ಮ ಎಂದು ಓದಿದ್ದಕ್ಕೆ ಕವಚ ತೊಡಿಸಿದ. ಬಾಯಿಂದ ಬಾಯಿಗೆ ಹೋಗುವ ಸುದ್ದಿಗೆ ರೆಕ್ಕೆಪುಕ್ಕ ಮೂಡುವುದು ಲೋಕರೂಢಿ. ಈ ಸುದ್ದಿಗೆ ಬೆನ್ನ ಮೇಲೆ ಕೊಂಬು ಮೂಡಿತು.

ಅದೇ ವರ್ಷ ಔಗ್ಸ್‌ಬರ್ಗ್‌ನ ಬುರ್ಗ್ಕ್‌ಮಯರ್ ಎಂಬ ಕಲಾವಿದನೂ ಅದೇ ಖಡ್ಗಮೃಗದ ಚಿತ್ರವನ್ನು ಅಚ್ಚು ಹಾಕಿದ. ಅವನದರಲ್ಲಿ ಕವಚವಿಲ್ಲ, ಹೆಚ್ಚುವರಿ ಕೊಂಬಿಲ್ಲ, ಮುಂಗಾಲಿಗೆ ಕಟ್ಟಿದ ಹಗ್ಗ ಕೂಡ ಇದೆ. ಡ್ಯೂರರನ ಚಿತ್ರಕ್ಕಿಂತ ಎಷ್ಟೋ ಪಾಲು ನಿಜಕ್ಕೆ ಹತ್ತಿರ. ಇವತ್ತು ಅದರ ಒಂದೇ ಒಂದು ಪ್ರತಿ ಉಳಿದಿದೆ, ವಿಯೆನ್ನಾದಲ್ಲಿ. ಡ್ಯೂರರನದು ಸಾವಿರಗಟ್ಟಲೆ ಖರ್ಚಾಗಿ, ಮತ್ತೆ ಮತ್ತೆ ಅಚ್ಚಾಗಿ, ಪ್ರಾಣಿಶಾಸ್ತ್ರದ ಪುಸ್ತಕಗಳನ್ನೂ ಸೇರಿತು. ಇದ್ದುದನ್ನು ಇದ್ದ ಹಾಗೆ ಹೇಳಿದ ಪಾಪದವನಿಗೆ ಒಂದು ಪ್ರತಿಯ ಕೀರ್ತಿ. ಆಫೀಸಿನಲ್ಲಿ ಮೂವತ್ತು ವರ್ಷ ವರದಿ ಬರೆದ ನನಗೆ ಬುರ್ಗ್ಕ್‌ಮಯರ್‌ನ ಮೇಲೆ ಒಂದು ಬಗೆಯ ಬಂಧುತ್ವ ಹುಟ್ಟಿದೆ.

ಎರಡು ಶತಮಾನ ಕಳೆದು ಕಿರ್ಷ್ನರನ ಎದುರಿಗೆ ಖಡ್ಗಮೃಗ ಮಾಡು ಎಂಬ ಅಪ್ಪಣೆ ಬಂದಾಗ ಅವನ ಕೈಗೆ ಸಿಕ್ಕ ಮಾದರಿ ಡ್ಯೂರರನದೇ. ಈ ನಡುವೆ ಬೇರೆ ಖಡ್ಗಮೃಗಗಳೂ ಯುರೋಪಿಗೆ ಬಂದು ಹೋಗಿದ್ದವು, ನೋಡಿದವರೂ ಇದ್ದರು. ಆದರೂ ಖಡ್ಗಮೃಗ ಎಂದರೆ ಜನರ ಕಣ್ಣಿಗೆ ಕಟ್ಟುತ್ತಿದ್ದುದು ಆ ಬೆನ್ನ ಕೊಂಬಿನದೇ. ಕಿರ್ಷ್ನರ್ ಅದನ್ನು ಶ್ರದ್ಧೆಯಿಂದ ಮಣ್ಣಿನಲ್ಲಿ ಎತ್ತಿದ: ಹಲಗೆ ಹಲಗೆಯಾಗಿ ಕವಚ, ಒಂದೊಂದೇ ಹುರುಪೆ, ಕೊನೆಗೆ ಆ ಪುಟ್ಟ ಕೊಂಬು. ಸಿಂಹದ ಸೊಂಟ ಬಿರಿಯುವ ಗೂಡಿನಲ್ಲಿ ಖಡ್ಗಮೃಗದ ಇಲ್ಲದ ಕೊಂಬೂ ಬೆಂದು ಗಟ್ಟಿಯಾಯಿತು. ಕಾಗದದ ಮೇಲಿದ್ದ ಗಾಳಿಸುದ್ದಿಗೆ ಈಗ ತೂಕ ಬಂತು, ನೆರಳು ಬಿತ್ತು.

ಬೊಂಬೆ ತಯಾರಾದ ಸುಮಾರು ಹದಿನೈದು ವರ್ಷಕ್ಕೆ ಅಸಲು ಪ್ರಾಣಿ ಡ್ರೆಸ್ಡೆನ್ನಿಗೇ ಬಂತು. ಅದರ ಹೆಸರು ಕ್ಲಾರಾ. ಬಂಗಾಳದಲ್ಲಿ ಡಚ್ಚರ ಕಂಪನಿಯ ದೊಡ್ಡ ಅಧಿಕಾರಿಯೊಬ್ಬನ ಮನೆಯಲ್ಲಿ ತಬ್ಬಲಿ ಮರಿಯಾಗಿ ಬೆಳೆದವಳು. ಚಿಕ್ಕವಳಿದ್ದಾಗ ಊಟದ ಮೇಜಿನ ಸುತ್ತ ಓಡಾಡಿಕೊಂಡಿದ್ದಳಂತೆ. ದೊಡ್ಡವಳಾಗಿ ಮನೆ ಸಾಲದಾದಾಗ ಹಡಗಿನ ಕ್ಯಾಪ್ಟನ್ ಫಾನ್ ಡೆರ್ ಮೇರ್ ಕೊಂಡುಕೊಂಡ. 1741ರಲ್ಲಿ ರಾಟರ್‌ಡ್ಯಾಂಗೆ ಬಂದಿಳಿದ ಮೇಲೆ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಊರೂರು ತಿರುಗಿ ಟಿಕೆಟ್ ಇಟ್ಟು ತೋರಿಸಿದ. ಹುಲ್ಲಿನ ಜೊತೆ ಕಿತ್ತಳೆ ತಿನ್ನುತ್ತಿದ್ದಳು, ಬಿಯರ್ ಕುಡಿಯುತ್ತಿದ್ದಳು, ಚರ್ಮ ಒಣಗದಂತೆ ಮೀನೆಣ್ಣೆ ಹಚ್ಚಿಸಿಕೊಳ್ಳುತ್ತಿದ್ದಳು. 1747ರಲ್ಲಿ ಡ್ರೆಸ್ಡೆನ್ನಿಗೆ ಬಂದಾಗ ಕಣ್ಣನ್ನು ನಂಬುವ ಕೆಂಡ್ಲರ್ ಅವಳನ್ನು ನೋಡಿ ಚಿತ್ರಿಸಿಕೊಂಡ. ಕವಚವಿಲ್ಲ, ಹುರುಪೆಯಿಲ್ಲ, ಬೆನ್ನು ಖಾಲಿ. 1750ರಲ್ಲಿ ರೋಮ್‌ನಲ್ಲಿ ಅವಳ ಮೂಗಿನ ಕೊಂಬೂ ಬಿದ್ದುಹೋಯಿತು. ಎರಡು ಕೊಂಬಿನ ಪ್ರಾಣಿಯನ್ನು ನೋಡಲು ಕಾಸು ಕೊಟ್ಟು ಬಂದವರಿಗೆ ಒಂದೂ ಇಲ್ಲದ್ದನ್ನು ತೋರಿಸಬೇಕಾದ ಕ್ಯಾಪ್ಟನ್ ಏನು ಸಮಜಾಯಿಷಿ ಹೇಳುತ್ತಿದ್ದನೋ! ಕ್ಲಾರಾ 1758ರಲ್ಲಿ ಲಂಡನ್‌ನಲ್ಲಿ ಸತ್ತಳು. ಅಷ್ಟು ಹೊತ್ತಿಗೆ ಯುರೋಪಿನ ಪುಸ್ತಕಗಳು ತಮ್ಮ ಖಡ್ಗಮೃಗವನ್ನು ತಿದ್ದಿಕೊಳ್ಳತೊಡಗಿದ್ದವು.

ಪಿಂಗಾಣಿ ಮಾತ್ರ ತಿದ್ದುಪಡಿಗೆ ಸಿಗುವ ವಸ್ತುವಲ್ಲ. ಬೇಯುವ ಮುಂಚೆ ಏನಾದರೂ ಮಾಡಬಹುದು, ಬೆಂದ ಮೇಲೆ ಒಡೆಯಬಹುದು ಅಷ್ಟೆ. ಅಗಸ್ಟಸ್ 1733ರಲ್ಲೇ ತೀರಿಕೊಂಡಿದ್ದ; ಮಗನಿಗೆ ತಂದೆಯ ರೋಗ ಅಷ್ಟಾಗಿ ಅಂಟಲಿಲ್ಲ; ಅರಮನೆ ಎಣಿಸಿದಂತೆ ಮುಗಿಯಲೇ ಇಲ್ಲ. ಪ್ರಾಣಿಗಳು ನೆಲಮಾಳಿಗೆ ಸೇರಿದವು. ಎರಡನೇ ಮಹಾಯುದ್ಧದಲ್ಲಿ ಡ್ರೆಸ್ಡೆನ್ ಸುಟ್ಟುಹೋದರೂ, ಮೊದಲೇ ಸಾಗಿಸಿದ್ದರಿಂದ ಸಂಗ್ರಹದ ಬಹುಪಾಲು ಉಳಿಯಿತು. ರಷ್ಯನ್ನರು ಕೊಂಡೊಯ್ದದ್ದು 1958ರಲ್ಲಿ ಮರಳಿ ಬಂತು. ಗೂಡಿನ ಕಾವು ಕಂಡಿದ್ದ ಖಡ್ಗಮೃಗ ಈಗ ತ್ಸ್ವಿಂಗರ್‌ನಲ್ಲಿ ನಿಂತಿದೆ.

ನಾವು ಅಸಲು ಖಡ್ಗಮೃಗವನ್ನು ನೋಡಿದ್ದು ಮೈಸೂರು ಮೃಗಾಲಯದಲ್ಲಿ. ಕೆಸರಿನಲ್ಲಿ ಮಲಗಿತ್ತು. ಕಿವಿ ಒಮ್ಮೆ ಅಲುಗಿತು. ಶಾಲೆಯ ಮಕ್ಕಳ ಸಾಲೊಂದು ಬಂದು ನಿಂತು, "ಸಾರ್, ಇದು ಏಳಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಜಿರಾಫೆಯ ಕಡೆ ಓಡಿತು. ನಿಜದ ತೊಂದರೆಯೇ ಇದು. ತಾನು ನಿಜ ಎಂಬ ಧೈರ್ಯದಲ್ಲಿ ಅದು ಮಲಗಿಬಿಡುತ್ತದೆ. ಕೇಳಿ ಮಾಡಿದ್ದು ಹಾಗಲ್ಲ, ನಿಂತೇ ಇರಬೇಕು, ಮೈಯೆಲ್ಲ ಕುಸುರಿ ಕೆಲಸ ಮಾಡಿಸಿಕೊಂಡು ನಂಬಿಸುತ್ತಲೇ ಇರಬೇಕು.

ಯುರೋಪಿನವರನ್ನು ಇದಕ್ಕಾಗಿ ಆಡಿಕೊಳ್ಳುವ ಅಧಿಕಾರ ನಮಗೂ ಇಲ್ಲ. ಬೇಲೂರಿನ ಬಾಗಿಲಲ್ಲಿ ಸಳ ಇರಿಯುತ್ತಿರುವ ಸಿಂಹವನ್ನು ಗಮನವಿಟ್ಟು ನೋಡಿ: ಸುರುಳಿ ಸುರುಳಿ ಕೇಸರ, ಉಬ್ಬಿದ ಗುಡ್ಡೆಗಣ್ಣು, ಕೊರಳಲ್ಲಿ ಆಭರಣ. ಅದನ್ನು ಕಡೆದ ರೂವಾರಿ ಸಿಂಹವನ್ನು ಎಲ್ಲಿ ಕಂಡಿದ್ದಾನು? ಹಳೇಬೀಡಿನ ಪಟ್ಟಿಕೆಗಳಲ್ಲಿ ಆನೆಯ ಸಾಲು ಕಂಡದ್ದು, ಮಕರದ ಸಾಲು ಕೇಳಿದ್ದು. ಎರಡಕ್ಕೂ ಉಳಿಯ ಏಟು ಒಂದೇ ಅಳತೆ. ನಮ್ಮ ರಾಜ್ಯದ ಲಾಂಛನದಲ್ಲಿ ಎರಡು ತಲೆಯ ಗಂಡಭೇರುಂಡ, ಅಕ್ಕಪಕ್ಕ ಆನೆಯ ತಲೆ ಸಿಂಹದ ಮೈಯ ಗಜಕೇಸರಿಗಳು. ಜಾತಿ ಪ್ರಮಾಣಪತ್ರದಿಂದ ಹಿಡಿದು ಪಹಣಿಯವರೆಗೆ ಸರ್ಕಾರ ನಮ್ಮ ಎಲ್ಲ ನಿಜಗಳಿಗೂ ಯಾರೂ ಕಾಣದ ಈ ಪ್ರಾಣಿಗಳ ಕೈಯಲ್ಲಿ ಸಾಕ್ಷಿ ಹಾಕಿಸುತ್ತದೆ. ಕಚೇರಿಯ ಕಿಟಕಿಯಲ್ಲಿ ಯಾರಾದರೂ ತಕರಾರು ತೆಗೆದದ್ದು ಕೇಳಿಲ್ಲ.

ಹಾಗೆಂದು ಕೇಳಿದ್ದೆಲ್ಲ ಉಳಿಯುವುದಿಲ್ಲ. ಮೊಟ್ಟೆ ಚಿಪ್ಪಿನ ಪಿಂಗಾಣಿಯ ಮಾತನ್ನು ಈಗ ಯಾರು ನಂಬುತ್ತಾರೆ? ಅದು ಸೋಮಾರಿಯ ಸುಳ್ಳು, ಹೇಳಿ ಕೈತೊಳೆದುಕೊಂಡದ್ದು. ಡ್ಯೂರರ್ ಮತ್ತು ಕಿರ್ಷ್ನರರ ಸುಳ್ಳಿನಲ್ಲಿ ದುಡಿಮೆಯಿದೆ. ಕಾಣದ ಪ್ರಾಣಿಯೊಂದಕ್ಕೆ ಇಷ್ಟೊಂದು ಹುರುಪೆಗಳನ್ನು ಒಂದೊಂದಾಗಿ ಕೂರಿಸುವ ತಾಳ್ಮೆಯನ್ನು ನಾವು ಕಂಡ ಎಮ್ಮೆಗೂ ತೋರಿಸುವುದಿಲ್ಲ.

ಈಗ ಲೆಕ್ಕ ಹಾಕಿ. ಲಿಸ್ಬನ್‌ನಲ್ಲಿ ನೋಡಿದವನು ಬರೆದ, ಡ್ಯೂರರ್ ಓದಿ ಚಿತ್ರಿಸಿದ, ಕಿರ್ಷ್ನರ್ ಚಿತ್ರ ನೋಡಿ ಮಣ್ಣು ಮೆತ್ತಿದ, ಅಕ್ಕನ ಮಗ ಮಣ್ಣಿನದರ ಫೋಟೋ ಹೊಡೆದ, ನಾನು ಫೋಟೋ ನೋಡಿ ಬರೆದೆ, ನೀವು ಓದಿದಿರಿ. ಗುಜರಾತಿನ ಪ್ರಾಣಿಯಿಂದ ನಿಮ್ಮ ಕುರ್ಚಿಯವರೆಗೆ ಆರು ಕೈ. ನೀವೂ ಇದನ್ನು ಯಾರಿಗಾದರೂ ಹೇಳದೆ ಇರುವುದಿಲ್ಲ, ಹೇಳುವಾಗ ನಿಮ್ಮ ಕಡೆಯಿಂದಲೂ ಏನಾದರೊಂದು ಸೇರುತ್ತದೆ. ಸೇರಲಿ. ಆದರೆ ಅಲ್ಲೊಂದು ಇಲ್ಲೊಂದು ಅಂಟಿಸಬೇಡಿ. ಇನ್ನೂರು ವರ್ಷ ಯಾರಿಗೂ ಕೀಳಲು ಮನಸ್ಸು ಬಾರದ ಹಾಗೆ, ಸರಿಯಾದ ಜಾಗ ನೋಡಿ, ಗಟ್ಟಿಯಾಗಿ ಕೂರಿಸಿ.